ಪೊಲೀಸ್ ಕಾದಂಬರಿಕಾರ ಮತ್ತು ಕಲ್ಕುಡನ ಕೈ

1

ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯ ಅಧಿಕಾರಿಯಾಗಿದ್ದರು. ನಮ್ಮ ಸಾಹಿತ್ಯ ಚರಿತ್ರೆಗಳು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತವೆ. ಹೆಂಡತಿ ಮಕ್ಕಳ ವಿವರ ಹೇಳಿದ ಹಾಗೆ, ಹುಟ್ಟಿದೂರಿನ ಹೆಸರು ಹೇಳಿದ ಹಾಗೆ. ನಾವು ಆ ಸಾಲಿನ ಹತ್ತಿರವೇ ಸ್ವಲ್ಪ ಹೊತ್ತು ನಿಲ್ಲಬೇಕು ಅಂತ ಹೊರಟಿದ್ದೇವೆ. ಯಾಕೆಂದರೆ ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಎಂದು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ ‘ಇಂದಿರಾಬಾಯಿ’ಯನ್ನು ಬರೆದ ಕೈ, ಠಾಣೆಯ ಕಾಗದ ಬರೆದ ಕೈಯೂ ಹೌದು. ಅಪರಾಧ ಯಾವುದು, ಅಪರಾಧಿ ಯಾರು, ಯಾರ ದೂರನ್ನು ಬರೆದುಕೊಳ್ಳಬೇಕು, ಯಾರ ದೂರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಕು, ಇದು ಪೊಲೀಸರ ದಿನದ ಕೆಲಸ. ಕಾದಂಬರಿಕಾರನ ಕೆಲಸವೂ ಅದೇ ಅಲ್ಲವೇ?

ವೆಂಕಟರಾಯರು 1844ರಲ್ಲಿ ಹುಟ್ಟಿ 1913ರಲ್ಲಿ ತೀರಿಕೊಂಡರು. ಅವರ ಹೆಸರಿನ ಮುಂದಿರುವ ಗುಲ್ವಾಡಿ ಎಂಬ ಊರು ಕುಂದಾಪುರದ ಕಡೆಯದು, 1997ರಿಂದ ಉಡುಪಿ ಜಿಲ್ಲೆಗೆ ಸೇರಿದೆ. ಆಗ ಇದೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾಯಿತು. ಆಮೇಲೆ ‘ಭಾಗೀರಥಿ’ (1900), ‘ಸೀಮಂತಿನಿ’ (1907) ಬಂದವು. 1903ರಲ್ಲಿ ಎಂ. ಇ. ಕೌಚ್‌ಮನ್ ಎಂಬ ಐ.ಸಿ.ಎಸ್. ಅಧಿಕಾರಿ ‘ಇಂದಿರಾಬಾಯಿ’ಯನ್ನು ಇಂಗ್ಲಿಷಿಗೆ ತಂದ. 2019ರಲ್ಲಿ ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಮತ್ತೊಮ್ಮೆ ಇಂಗ್ಲಿಷಿಗೆ ತಂದರು. ಅಂದರೆ ನೂರಿಪ್ಪತ್ತು ವರ್ಷದಲ್ಲಿ ಈ ಪುಸ್ತಕ ಸತ್ತಿಲ್ಲ. ಸತ್ತಿಲ್ಲದ ಪುಸ್ತಕದ ಜೊತೆ ಜಗಳ ಆಡಬಹುದು.

2

‘ಇಂದಿರಾಬಾಯಿ’ಯನ್ನು ಅಪರಾಧದ ಕಾದಂಬರಿ ಎಂದು ಕರೆದರೆ ಮಡಿವಂತ ವಿಮರ್ಶಕರು ಹುಬ್ಬು ಗಂಟಿಕ್ಕಬಹುದು. ಅವರ ಪ್ರಕಾರ ಪತ್ತೇದಾರಿ ಎಂದರೆ ರೈಲ್ವೆ ಸ್ಟೇಶನ್ನಿನಲ್ಲಿ ಮಾರುವ ಸರಕು, ಸಾಮಾಜಿಕ ಎಂದರೆ ಪಠ್ಯಪುಸ್ತಕ. ನಾಲ್ಕನೇ ಕ್ಲಾಸು ಓದಿ, 1952ರಿಂದ ಶುರುಮಾಡಿ ನೂರಾರು ಪತ್ತೇದಾರಿ ಕಾದಂಬರಿ ಬರೆದು, ಲಕ್ಷಾಂತರ ಬಡವರಿಗೆ ಕನ್ನಡ ಓದುವ ಚಟ ಹಿಡಿಸಿದ ಎನ್. ನರಸಿಂಹಯ್ಯನವರನ್ನು ನಮ್ಮ ವಿಮರ್ಶೆ ಬಾಗಿಲ ಹೊರಗೇ ನಿಲ್ಲಿಸಿತಲ್ಲ, ಆ ಮಡಿಯೇ ಇದು. ಆದರೆ ಕತೆ ಬಿಚ್ಚಿ ನೋಡಿ. ಲಂಚದ ದುಡ್ಡಿನಲ್ಲಿ ಕೊಬ್ಬಿದ ಭೀಮರಾಯ. ಭಕ್ತಿಯ ಹೆಸರಿನಲ್ಲಿ ಮನೆಗೆ ನುಗ್ಗುವ ಲಂಪಟ ಸಂತರ ಮಂಡಲಿ. ಎಳೆಯ ವಿಧವೆ ಮಗಳನ್ನೇ ಆ ಸಂತರ ಸೇವೆಗೆ ದೂಡುವ ಹೆತ್ತವರು. ಮನೆ ಬಿಟ್ಟು ಓಡಿಹೋಗಿ ಅಮೃತರಾಯನ ಆಸರೆಯಲ್ಲಿ ಅಕ್ಷರ ಕಲಿಯುವ ಇಂದಿರೆ. ಅವಳ ಮರುಮದುವೆ. ಬಹಿಷ್ಕಾರದ ಬೆದರಿಕೆ ಹಾಕುವ ಮಠ. ಇದು ಒಂದು ಊರಿನ ಮಾನವಂತರ ಮೇಲೆ ಬರೆದ ಚಾರ್ಜ್‌ಶೀಟು ಅಲ್ಲದೆ ಇನ್ನೇನು?

ಇಲ್ಲಿ ವೆಂಕಟರಾಯರಿಗೆ ಸಲ್ಲಬೇಕಾದ್ದು ಸಲ್ಲಲಿ. ಅವರು ತಮ್ಮ ಜಾತಿಯ ಮೇಲೆ, ತಮ್ಮ ಮಠದ ಠೇಂಕಾರದ ಮೇಲೆ, ತಮ್ಮ ಮನೆಯ ಅಡಿಗೆಕೋಣೆಯ ಮೇಲೆ ಬರೆದರು. ಹೊರಗಿನವರ ಮೇಲೆ ಬರೆಯುವುದು ಸುಲಭ. ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವರ ಮೇಲೆ ಬರೆಯುವುದಕ್ಕೆ ಗಟ್ಟಿ ಎದೆ ಬೇಕು. ಮಠದ ಬಹಿಷ್ಕಾರ ಎಂದರೆ ಆ ಕಾಲಕ್ಕೆ ನೀರು ಬೆಂಕಿ ಕೂಡ ಸಿಗದ ಸ್ಥಿತಿ. ಮಂತ್ರ ಹೇಳುವ ಬಾಯಿಯೇ ಕಳ್ಳನದೂ ಆಗಿರಬಹುದು ಎಂದು ಅನುಮಾನಿಸುವ ಬುದ್ಧಿ ಅವರಿಗೆ ಮಠದಿಂದ ಬಂದದ್ದಲ್ಲ. ಠಾಣೆಯಿಂದಲೇ ಬಂದಿರಬೇಕು ಎಂಬುದು ನಮ್ಮ ಊಹೆ. ದಿನ ಬೆಳಗಾದರೆ ಸುಳ್ಳುಸಾಕ್ಷಿ ಕೇಳುವವನಿಗೆ ವಿಭೂತಿ ನಾಮಗಳ ಮೇಲೆ ಅಷ್ಟೊಂದು ಭಕ್ತಿ ಉಳಿಯುವುದಿಲ್ಲ.

ಹೊರ ದೇಶಗಳಲ್ಲೂ ಪೊಲೀಸರು ಕತೆ ಬರೆದಿದ್ದಾರೆ. ಪ್ಯಾರಿಸ್ಸಿನಲ್ಲಿ ಕಳ್ಳನಾಗಿದ್ದು ಪೊಲೀಸನಾದ ವಿದೋಕ್ 1828ರಲ್ಲಿ ತನ್ನ ನೆನಪುಗಳನ್ನು ಅಚ್ಚುಹಾಕಿಸಿದ. ಕಲ್ಕತ್ತದಲ್ಲಿ ಪೊಲೀಸ್ ಪತ್ತೇದಾರನಾಗಿದ್ದ ಪ್ರಿಯನಾಥ ಮುಖೋಪಾಧ್ಯಾಯ 1892ರಿಂದ ‘ದಾರೋಗಾರ್ ದಪ್ತರ್’ ಎಂಬ ಮಾಲೆಯಲ್ಲಿ ತನ್ನ ಕೇಸುಗಳನ್ನೇ ಕತೆ ಮಾಡಿದ. ಅವರಿಬ್ಬರಿಗೂ ಊರಿನ ಕತ್ತಲೆ ಗಲ್ಲಿಗಳು ಬೇಕಿದ್ದವು. ವೆಂಕಟರಾಯರು ಗಲ್ಲಿಗೆ ಹೋಗಲಿಲ್ಲ. ದೀಪ ಹಚ್ಚಿದ ಚಾವಡಿಯಲ್ಲೇ ಕತ್ತಲೆ ಉಂಟು ಎಂದು ತೋರಿಸಿದರು. ಇದು ಸಣ್ಣ ಮಾತಲ್ಲ.

3

ಇಷ್ಟು ಹೇಳಿದ ಮೇಲೆ ನಮ್ಮ ಪ್ರಶ್ನೆ. ಈ ಚಾರ್ಜ್‌ಶೀಟಿನಲ್ಲಿ ಫಿರ್ಯಾದಿ ಯಾರು? ಆರೋಪಿ ಯಾರು? ತೀರ್ಪು ಕೊಡುವವರು ಯಾರು?

ಮೂರೂ ಒಂದೇ ಜಾತಿಯವರು. ಕೆಟ್ಟವನೂ ರಾಯ, ಒಳ್ಳೆಯವನೂ ರಾಯ, ಕಡೆಗೆ ಇಂದಿರೆಯ ಕೈಹಿಡಿಯುವವನೂ ರಾಯ. ಇಂಗ್ಲೆಂಡಿಗೆ ಹೋಗಿ ದೊಡ್ಡ ಸರಕಾರಿ ಅಧಿಕಾರಿಯಾಗಿ ಬರುವ ಭಾಸ್ಕರರಾಯನೇ ಸದ್ಧರ್ಮದ ವಿಜಯ. ಅಧಿಕಾರಿಯೇ ನಾಯಕ, ಅಧಿಕಾರಿಯೇ ಲೇಖಕ, ಅಧಿಕಾರಿಯೇ ಅನುವಾದಕ. ಕಾದಂಬರಿ ಹೇಳುವ ನೀತಿ ಸರಳವಾಗಿದೆ: ಮಠದ ಕಾನೂನು ಕೆಟ್ಟದ್ದು, ಸರಕಾರದ ಕಾನೂನು ಒಳ್ಳೆಯದು. ಭೀಮರಾಯನ ಹೊಲ ಗದ್ದೆ ಉತ್ತವರು ಯಾರು, ಆ ಅಕ್ಕಿ ಕುಟ್ಟಿದವರು ಯಾರು, ಚಾವಡಿಯ ಹಿಂದಿನ ಓಣಿ ಗುಡಿಸಿದವರು ಯಾರು, ಅವರ ಮೇಲೆ ನಡೆದದ್ದಕ್ಕೆ ಏನು ಹೆಸರು? ಇದು ಆ ಕಾದಂಬರಿಯ ಜಗಳಕ್ಕೆ ಸೇರಿದ್ದಲ್ಲ.

ಕೂಡಲೇ ಒಂದು ಉತ್ತರ ಬರುತ್ತದೆ: ‘ಅದು ಆ ಕಾಲದ ಮಿತಿ, ಮಾರಾಯರೇ. 1899ರಲ್ಲಿ ಕೂತು ಅಷ್ಟು ಬರೆದದ್ದೇ ದೊಡ್ಡದು.’ ಈ ಉತ್ತರವನ್ನು ಕಾಲೇಜುಗಳಲ್ಲಿ ಕೇಳಿ ಕೇಳಿ ನಮಗೆ ಸಾಕಾಗಿದೆ. ಕಾಲದ ಮಿತಿ ಯಾರಿಗೆ? ಅದೇ ಮಂಗಳೂರಿನಲ್ಲಿ, ಅದೇ ಸಾರಸ್ವತ ಜಾತಿಯಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು (1859–1928) 1897ರಲ್ಲಿ, ಅಂದರೆ ‘ಇಂದಿರಾಬಾಯಿ’ ಅಚ್ಚಾಗುವುದಕ್ಕೆ ಎರಡು ವರ್ಷ ಮೊದಲೇ, ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ದಲಿತರ ಮಕ್ಕಳಿಗೆ ಶಾಲೆ ತೆರೆದರು. ಜಾತಿಯವರ ಕೈಯಲ್ಲಿ ಅದಕ್ಕಾಗಿ ಪಡಬಾರದ ಪಾಡು ಪಟ್ಟರು. ಪುಣೆಯ ಜೋತಿಬಾ ಫುಲೆ ‘ಗುಲಾಮಗಿರಿ’ ಬರೆದದ್ದು 1873ರಲ್ಲಿ. ಕಾಲ ಎಲ್ಲರಿಗೂ ಒಂದೇ ಇತ್ತು. ಕೆಲವರು ಕಿಟಕಿ ತೆರೆದರು, ಕೆಲವರು ತೆರೆಯಲಿಲ್ಲ ಅಷ್ಟೆ.

ಆದರೆ ಇದನ್ನು ಒಬ್ಬ ಲೇಖಕನ ಗುಣದೋಷಕ್ಕೆ ಇಳಿಸುವುದೂ ತಪ್ಪು. ಪೊಲೀಸನಿಗೆ ಅಪರಾಧ ಕಾಣಬೇಕಾದರೆ ಸೆಕ್ಷನ್ ಬೇಕು. ಇಂಡಿಯನ್ ಪೀನಲ್ ಕೋಡ್ 1860ರಲ್ಲಿ ಆಯಿತು, 1862ರಲ್ಲಿ ಜಾರಿಗೆ ಬಂತು. ಅದರಲ್ಲಿ ತೆಂಗಿನಕಾಯಿ ಕದ್ದರೆ ಸೆಕ್ಷನ್ ಇತ್ತು. ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆದರೆ ಅದು ಬರೀ ಹೊಡೆತ. ಮುಟ್ಟಬಾರದು ಎಂಬ ಕಟ್ಟಳೆಯೇ ಅಪರಾಧ ಎಂದು ಹೇಳುವ ಸೆಕ್ಷನ್ ಇರಲಿಲ್ಲ. ಸಂವಿಧಾನದ 17ನೇ ವಿಧಿ ಬಂದದ್ದು 1950ರಲ್ಲಿ, ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ 1955ರಲ್ಲಿ, ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ. ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ತಮ್ಮ ಮನೆಯ ರೋಗವನ್ನು ಅವರ ಮೈಗೆ ದಾಟಿಸುವ ಅಜಲು ಪದ್ಧತಿಯನ್ನು ಕರ್ನಾಟಕ ಸರಕಾರ ಕಾಯ್ದೆ ಮಾಡಿ ನಿಷೇಧಿಸಿದ್ದು 2000ದಲ್ಲಿ. ಎರಡು ಸಾವಿರನೇ ಇಸವಿಯಲ್ಲಿ! ಅಲ್ಲಿವರೆಗೆ ಅದು ಸಂಪ್ರದಾಯ. ವೆಂಕಟರಾಯರು ಸೇವೆಯಲ್ಲಿದ್ದ ಕಾಲದಲ್ಲಿ ಈ ಕರಾವಳಿಯ ಊರೂರಲ್ಲಿ ದೊಡ್ಡ ಅಪರಾಧ ಹಗಲು ಹೊತ್ತಿನಲ್ಲೇ ನಡೆಯುತ್ತಿತ್ತು. ಅದಕ್ಕೆ ನಂಬರು ಇರಲಿಲ್ಲ. ನಂಬರು ಇಲ್ಲದ್ದು ಡೈರಿಗೆ ಬರುವುದಿಲ್ಲ. ಡೈರಿಗೆ ಬಾರದ್ದು ಕಾದಂಬರಿಗೂ ಬರಲಿಲ್ಲ.

‘ಇಂದಿರಾಬಾಯಿ’ ಬಂದ ಎರಡು ವರ್ಷಕ್ಕೆ, 1901ರಲ್ಲಿ, ಕಾಪುವಿನ ಬಂಡೆಯ ಮೇಲೆ ಬ್ರಿಟಿಷರು ದೀಪಸ್ತಂಭ ಕಟ್ಟಿದರು. ಬೆಳಕು ದೂರ ಕಡಲಿನ ಹಡಗಿಗೆ. ಬಂಡೆಯ ಬುಡದ ಗುಡಿಸಲಿಗೆ ಅಲ್ಲ. ನಮ್ಮ ನವೋದಯದ ಸುಧಾರಣೆಯ ಬೆಳಕೂ ಬಹಳ ಮಟ್ಟಿಗೆ ಹೀಗೇ ಇತ್ತು.

4

ಈಗ ಇನ್ನೊಂದು ಪುಸ್ತಕದ ಮಾತು. ‘ಇಂದಿರಾಬಾಯಿ’ಗೆ ಹದಿಮೂರು ವರ್ಷ ಮೊದಲು, 1886ರಲ್ಲಿ, ಅದೇ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಪಾದ್ರಿ ಮ್ಯಾನರ್ ‘ಪಾಡ್ದನೊಳು’ ಎಂಬ ತುಳು ಪಾಡ್ದನಗಳ ಸಂಗ್ರಹ ಅಚ್ಚು ಮಾಡಿಸಿದ. ಮದ್ರಾಸ್ ಪ್ರಾಂತ್ಯದಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲ್ ಕೂಡಿಸಿಟ್ಟಿದ್ದ ಪಾಡ್ದನಗಳು ಅವನು ಸತ್ತ ಮೇಲೆ 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಬಂದವು. ಅದಕ್ಕೆ ಕೊಟ್ಟ ತಲೆಬರಹ ತುಳುವರ ಪಿಶಾಚಿ ಪೂಜೆ ಎಂಬ ಅರ್ಥದ್ದು. ಗಮನಿಸಿ, ಒಬ್ಬ ಪೊಲೀಸ್ ಅಧಿಕಾರಿ ಕಾದಂಬರಿ ಬರೆದ, ಒಬ್ಬ ನ್ಯಾಯಾಧೀಶ ಪಾಡ್ದನ ಕೂಡಿಸಿದ. ಪಾಡ್ದನದ ತುಂಬ ಕೊಲೆಯ ದೂರುಗಳೇ ಇದ್ದರೂ ನ್ಯಾಯಾಧೀಶನಿಗೆ ದೂರು ಕೇಳಿಸಲಿಲ್ಲ, ಪಿಶಾಚಿ ಕೇಳಿಸಿತು.

ಕಾರ್ಕಳಕ್ಕೆ ಬನ್ನಿ. ಬೆಟ್ಟದ ಮೇಲೆ ನಲವತ್ತೆರಡು ಅಡಿಯ ಗೊಮ್ಮಟ ನಿಂತಿದ್ದಾನೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು. ಶಾಸನದಲ್ಲಿ ರಾಜನ ಹೆಸರುಂಟು, ಗುರುವಿನ ಹೆಸರುಂಟು, ತಿಥಿ ವಾರ ಉಂಟು. ಕಲ್ಲು ಕಡಿದವನ ಹೆಸರನ್ನು ನಮಗೆ ಕೊಟ್ಟದ್ದು ಪಾಡ್ದನ. ಶಂಭು ಕಲ್ಕುಡನ ಮಗ ಬೀರ ಕಲ್ಕುಡ. ತಂದೆ ಬೆಳಗೊಳದ ಕೆಲಸಕ್ಕೆ ಹೋದಾಗ ತಾಯಿ ಬಸುರಿ, ಹುಟ್ಟಿದ್ದು ಅವಳಿ ಮಕ್ಕಳು, ಅಣ್ಣ ಕಲ್ಕುಡ, ತಂಗಿ ಕಲ್ಲುರ್ಟಿ. ದೊಡ್ಡವನಾದ ಕಲ್ಕುಡ ಕಾರ್ಕಳದ ಅರಸನಿಗೆ ಗೊಮ್ಮಟನನ್ನು ಮಾಡಿಕೊಟ್ಟ. ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಕೂಲಿಯ ಬದಲಿಗೆ ಕತ್ತಿ. ಅಣ್ಣನನ್ನು ಹುಡುಕಿ ಬಂದ ತಂಗಿ ಸಿಟ್ಟಿನಲ್ಲಿ ಹಟ ತೊಟ್ಟಳು. ಇಬ್ಬರೂ ಮಾಯವಾಗಿ ದೈವಗಳಾದರು. ಅರಸನಿಗೆ ನಿದ್ದೆಗೆಡಿಸಿದರು.

ಒಂದು ಪತ್ತೇದಾರಿ ಕಾದಂಬರಿಗೆ ಏನೇನು ಬೇಕು? ಜಾಗ ಉಂಟು. ಆಯುಧ ಉಂಟು. ಉದ್ದೇಶ ಉಂಟು. ಆರೋಪಿಯ ಹೆಸರುಂಟು, ಅದೂ ಗಾದಿಯ ಮೇಲೆ ಕೂತವನ ಹೆಸರು. ಸಾಕ್ಷಿಯಾಗಿ ಗಾಯವೇ ಉಂಟು. ಲಂಡನ್ನಿನ ಷರ್ಲಾಕ್ ಹೋಮ್ಸ್ 1887ರಲ್ಲಿ ಹುಟ್ಟುವುದಕ್ಕೆ ತಲೆಮಾರುಗಳ ಮೊದಲೇ ಇಲ್ಲಿಯ ಪಂಬದ, ಪರವ, ನಲಿಕೆಯವರು, ನಾಟಿ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಹೆಂಗಸರು ಇಂಥ ಕತೆಗಳನ್ನು ಹಾಡುತ್ತಿದ್ದರು. ಹೋಮ್ಸನ ಕತೆಯಲ್ಲಿ ಕಡೆಯ ಪುಟದವರೆಗೆ ಕೊಲೆಗಾರ ಯಾರೆಂದು ಗೊತ್ತಾಗುವುದಿಲ್ಲ. ಪಾಡ್ದನದಲ್ಲಿ ಮೊದಲಿಗೇ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹಿಡಿಯುವವರಿಲ್ಲ. ನಮ್ಮ ಹಳ್ಳಿಗಳ ಅಪರಾಧದ ಕತೆ ಇವತ್ತಿಗೂ ಈ ಎರಡನೇ ಜಾತಿಯದು.

ವಿದ್ವಾಂಸರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. ಕೈ ಕಳಕೊಂಡ ಕಲ್ಕುಡ ಆಮೇಲೆ ವೇಣೂರಿಗೆ ಹೋಗಿ ಒಂಟಿ ಕೈಯಲ್ಲಿ ಅಲ್ಲಿಯ ಗೊಮ್ಮಟನನ್ನು ಮಾಡಿದ ಎಂದು ಪಾಡ್ದನ ಹಾಡುತ್ತದೆ. ವೇಣೂರಿನದು 1604ರದ್ದು, ಅಜಿಲ ಅರಸನ ಕಾಲದ್ದು. ಕಾರ್ಕಳಕ್ಕೂ ಅದಕ್ಕೂ 172 ವರ್ಷದ ಅಂತರ. ಒಬ್ಬನೇ ಮನುಷ್ಯ ಎರಡನ್ನೂ ಕಡಿಯುವುದು ಸಾಧ್ಯವಿಲ್ಲ. ಲೆಕ್ಕ ಸರಿ. ಆದ್ದರಿಂದ ವೀರಪಾಂಡ್ಯನೆಂಬ ಆ ಒಬ್ಬ ರಾಜ ಇಂಥ ದಿನ ಇಂಥವನ ಕೈ ಕಡಿಸಿದ ಎಂದು ನಾವು ಇತಿಹಾಸದ ಪುಸ್ತಕದಲ್ಲಿ ಬರೆಯುವುದಕ್ಕೆ ಬರುವುದಿಲ್ಲ. ಬರೆಯಲೂಬಾರದು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಹಾಡಿದವರು ಯಾಕೆ 172 ವರ್ಷವನ್ನು ಒಬ್ಬನ ಆಯುಷ್ಯದೊಳಗೆ ಹಿಡಿಸಿದರು? ನಮಗೆ ತೋರುವುದು ಇಷ್ಟು: ಅವರಿಗೆ ಕಲ್ಕುಡ ಒಬ್ಬನಲ್ಲ. ಕಾರ್ಕಳದಲ್ಲಿ ಕಡಿದವನೂ ಕಲ್ಕುಡ, ವೇಣೂರಿನಲ್ಲಿ ಕಡಿದವನೂ ಕಲ್ಕುಡ. ಕೆಲಸ ಮಾಡಿಸಿಕೊಂಡು ಕೈ ಕಡಿಯುವ ಅರಸರೂ ಬದಲಾಗುತ್ತಾರೆ, ಹೆಸರಿಗೆ ಮಾತ್ರ. ಪಾಡ್ದನ ತಾರೀಕಿನಲ್ಲಿ ತಪ್ಪಬಹುದು. ಕೂಲಿಯ ಲೆಕ್ಕದಲ್ಲಿ ತಪ್ಪುವುದಿಲ್ಲ.

ಚಾರಿತ್ರಿಕ ಪತ್ತೇದಾರಿ ಕಾದಂಬರಿ ಎಂಬ ಬಗೆ ಈಚೆಗೆ ಜಗತ್ತಿನಲ್ಲಿ ಹೆಸರು ಮಾಡಿದೆ. ಇಟಲಿಯ ಉಂಬರ್ಟೊ ಎಕೊ 1980ರಲ್ಲಿ ಬರೆದ ‘ದ ನೇಮ್ ಆಫ್ ದ ರೋಸ್’ 1327ರ ಮಠವೊಂದರ ಕೊಲೆಗಳ ಕತೆ. ಅದನ್ನು ಓದಿ ಬೆರಗಾಗುವ ನಮ್ಮ ಪ್ರಾಧ್ಯಾಪಕರು, 1432ರ ಬೆಟ್ಟದ ಕತೆಯನ್ನು ಮಾತ್ರ ‘ಜಾನಪದ’ ಎಂಬ ಕಪಾಟಿಗೆ ಹಾಕಿ ಬೀಗ ಜಡಿಯುತ್ತಾರೆ. ಒಂದೇ ಪ್ರೆಸ್ಸಿನಿಂದ ಬಂದ ಎರಡು ಪುಸ್ತಕದಲ್ಲಿ ಒಂದು ಸಾಹಿತ್ಯ, ಇನ್ನೊಂದು ಜಾನಪದ. ಒಂದಕ್ಕೆ ಲೇಖಕನ ಹೆಸರು, ಇನ್ನೊಂದಕ್ಕೆ ಸಂಗ್ರಾಹಕನ ಹೆಸರು. ಹಾಡಿದವಳ ಹೆಸರು ಎಲ್ಲಿ ಹೋಯಿತು? ಅದನ್ನೂ ಯಾರೋ ಕಡಿದದ್ದೇ.

5

ಹಾಗಾದರೆ ಪಾಡ್ದನವೇ ನಮ್ಮ ಮೋಕ್ಷವೇ? ಇಲ್ಲ. ಕಾದಂಬರಿಗೆ ಹಿಡಿದ ಕೋಲನ್ನೇ ಪಾಡ್ದನಕ್ಕೂ ಹಿಡಿಯಬೇಕು. ಇಲ್ಲವಾದರೆ ಅದು ನ್ಯಾಯವಲ್ಲ, ಭಜನೆ.

‘ಮಾಯ’ ಎಂಬ ಒಂದು ಮಾತು ತೆಗೆದುಕೊಳ್ಳಿ. ಕಲ್ಕುಡ ಮಾಯವಾದ. ದೇವಸ್ಥಾನಕ್ಕೆ ಹೊರೆ ಹೊತ್ತು ತಂದ, ಒಳಗೆ ಬರಬಾರದು ಅಂತ ಹೊರಗೇ ನಿಲ್ಲಿಸಿಕೊಂಡ ಕೊರಗ ತನಿಯ ಅಲ್ಲೇ ಮಾಯವಾದ. ಮಾಯವಾದವರು ದೈವವಾದರು. ಮನುಷ್ಯ ಸುಮ್ಮಸುಮ್ಮನೆ ಮಾಯವಾಗುತ್ತಾನೆಯೇ? ಹೊರಗೆ ನಿಂತ ಒಬ್ಬ ಕೊರಗ ಹುಡುಗ ಕಾಣೆಯಾದರೆ ನಾವು ಠಾಣೆಯಲ್ಲಿ ಏನು ಬರೆಸುತ್ತೇವೆ? ಕೊಂದರು ಎಂದು ಬಾಯಿಬಿಟ್ಟು ಹೇಳಲಾಗದವರು ಮಾಯ ಎಂದರು. ಆ ಮಾತಿನಲ್ಲಿ ಹೆದರಿಕೆಯೂ ಉಂಟು, ಮರೆಯಲು ಬಿಡದ ಹಟವೂ ಉಂಟು. ಇದು ನಮ್ಮ ಓದು.

ಆದರೆ ಆಮೇಲೆ ಏನಾಯಿತು? ಸತ್ತವನು ದೈವವಾದ ಕೂಡಲೇ ಕೇಸು ಮುಗಿಯಿತು. ಕೊಂದವರ ಕಡೆಯವರೇ ಗುಡಿ ಕಟ್ಟಿಸಿದರು. ಗುತ್ತಿನ ಯಜಮಾನರೇ ಕೋಲದ ಮುಂದೆ ಕೈಮುಗಿದು ನಿಂತರು. ರಾತ್ರಿ ಇಡೀ ಪಂಬದನೊಬ್ಬನ ಮೈಮೇಲೆ ದೈವ ಬಂದು ಯಜಮಾನನನ್ನೇ ಗದರಿಸುತ್ತದೆ, ನ್ಯಾಯ ಹೇಳುತ್ತದೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅದೇ ಮನುಷ್ಯ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕಾಗಿತ್ತು. ಹಸಿವಿಗೆ ಅಕ್ಕಿ ಕೇಳಿದರೆ ಅಳೆದು ಕೊಡುತ್ತಿದ್ದರು. ಒಂದು ರಾತ್ರಿಯ ನ್ಯಾಯ ಕೊಟ್ಟು ಮುನ್ನೂರ ಅರವತ್ತನಾಲ್ಕು ದಿನದ ದುಡಿಮೆ ಕಿತ್ತುಕೊಳ್ಳುವ ಈ ಏರ್ಪಾಡು ಊಳಿಗಮಾನ್ಯದ ಜಾಣತನ. ಕಲ್ಕುಡನಿಗೆ ಪೂಜೆ ಸಿಕ್ಕಿತು, ಕೂಲಿ ಸಿಗಲಿಲ್ಲ. ಕೊರಗ ತನಿಯನಿಗೆ ಕಟ್ಟೆ ಸಿಕ್ಕಿತು, ಕೊರಗರಿಗೆ ಭೂಮಿ ಸಿಗಲಿಲ್ಲ. 1974ರ ಭೂಸುಧಾರಣೆ ಈ ಜಿಲ್ಲೆಯಲ್ಲಿ ಬಹಳ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು ನಿಜ. ಗೇಣಿಚೀಟಿಯೇ ಇಲ್ಲದ ಕೂಲಿಯವನಿಗೆ ಅದು ಏನು ಮಾಡೀತು?

ಹೀಗಾಗಿ ನಮ್ಮ ಕೈಯಲ್ಲಿ ಎರಡು ಅರ್ಧಗಳು ಉಳಿದಿವೆ. ವೆಂಕಟರಾಯರ ಕಾದಂಬರಿಗೆ ಕಾನೂನು ಗೊತ್ತು, ಕೆಳಗಿನವರ ಗಾಯ ಗೊತ್ತಿಲ್ಲ. ಪಾಡ್ದನಕ್ಕೆ ಗಾಯ ಗೊತ್ತು, ಗಾಯದ ಬೆಲೆ ವಸೂಲು ಮಾಡುವ ದಾರಿ ಗೊತ್ತಿಲ್ಲ. ಕೋಟದ ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಕಡೆಗೂ ದಲಿತನೊಬ್ಬ ಕರಾವಳಿಯ ಕಾದಂಬರಿಯ ನಡುಮನೆಗೆ ಬಂದ. ಬಂದದ್ದು ನೊಂದವನಾಗಿ. ದೂರು ಕೊಡುವವನಾಗಿ ಅಲ್ಲ. ನಮಗೆ ಈಗ ಬೇಕಾದ್ದು ದೂರು ಬರೆಯುವ ಕೈ.

6

ಇದು ಬರೀ ಸಾಹಿತ್ಯದ ಮಾತಲ್ಲ. ಹಳ್ಳಿಯಲ್ಲಿ ಹೊಡೆತ ತಿಂದು ಠಾಣೆಗೆ ಹೋದವರಿಗೆ ಗೊತ್ತುಂಟು, ಮೊದಲ ಜಗಳ ನಡೆಯುವುದು ಎಫ್.ಐ.ಆರ್.ನ ಭಾಷೆಯ ಮೇಲೆ. ‘ಜಾತಿ ಹಿಡಿದು ಬೈದ’ ಎಂದು ಬರೆಸಬೇಕೋ, ‘ಮಾತಿಗೆ ಮಾತು ಬೆಳೆದು’ ಎಂದು ಬರೆದುಕೊಳ್ಳುತ್ತಾರೋ? ಆ ಎರಡು ವಾಕ್ಯದ ನಡುವೆ ಒಂದು ಕಾಯ್ದೆಯೇ ಬಿದ್ದುಹೋಗುತ್ತದೆ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ‘ಚಲೋ ಉಡುಪಿ’ ಎಂದು ಹೊರಟುಬಂದವರು ಕೇಳಿದ್ದೂ ಇದನ್ನೇ: ನಮ್ಮ ಊಟ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು, ನಮ್ಮ ಮೇಲಿನ ಹಲ್ಲೆಗೆ ಸರಿಯಾದ ಹೆಸರು ಬರೆಯಿರಿ. ಕಾದಂಬರಿಯೂ ಒಂದು ಬಗೆಯ ಎಫ್.ಐ.ಆರ್. ಅದರಲ್ಲಿ ಮೊದಲ ವಾಕ್ಯ ಯಾರು ಬರೆಯುತ್ತಾರೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಉಡುಪಿ ಮಣಿಪಾಲಗಳಲ್ಲಿ ಅಚ್ಚಿನ ಮನೆಗೇನೂ ಬರವಿಲ್ಲ. ಮಣಿಪಾಲದಿಂದ 1970ರಲ್ಲಿ ‘ಉದಯವಾಣಿ’, ಆಮೇಲೆ ‘ತುಷಾರ’, ‘ತರಂಗ’ ಬಂದವು. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟದ ತುಳು ನಿಘಂಟು ತಂದಿತು. ಅದು ನಿಜವಾಗಿ ದೊಡ್ಡ ಕೆಲಸ. ಆ ನಿಘಂಟಿನ ಎಷ್ಟೋ ಮಾತುಗಳ ಬೇರು ಗದ್ದೆಯ ಹೆಂಗಸರ ಹಾಡಿನಲ್ಲಿ ಉಂಟು. ಮಾತುಗಳು ಸಂಪುಟ ಸೇರಿದವು. ಹಾಡಿದವರ ಮಕ್ಕಳು ಬರೆಯುವ ಮೇಜಿನ ತನಕ ಬರಬೇಕಷ್ಟೆ.

ಆದ್ದರಿಂದ ಹಳ್ಳಿಶಾಲೆಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ಗೆಳೆಯರಿಗೆ ನಮ್ಮದೊಂದು ಮಾತು. ‘ಇಂದಿರಾಬಾಯಿ’ಯನ್ನು ಪಾಠ ಮಾಡಿ, ಬಿಡಬೇಡಿ. ಮಠದ ಎದುರು ನಿಂತ ಆ ಹುಡುಗಿಯ ಧೈರ್ಯ ನಮ್ಮ ಹುಡುಗಿಯರಿಗೂ ಬೇಕು. ಆದರೆ ಪಾಠ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಡಿ: ಭೀಮರಾಯನ ಮನೆಯ ಹಿತ್ತಿಲಲ್ಲಿ ಯಾರಿದ್ದರು, ಅವರು ಠಾಣೆಗೆ ಹೋಗಿದ್ದರೆ ಏನು ಹೇಳುತ್ತಿದ್ದರು, ಬರೆಯಿರಿ ಎಂದು. ನಿಮ್ಮ ಊರಿನಲ್ಲಿ ಪಾಡ್ದನ ಬಲ್ಲ ಮುದುಕಿಯರು ಇನ್ನೂ ಇದ್ದರೆ ಹೋಗಿ ಕೇಳಿ, ಬರೆದುಕೊಳ್ಳಿ. ಬರೆದುಕೊಳ್ಳುವಾಗ ಹಾಡಿದವಳನ್ನು ಕೇಳಿ, ಅವಳು ಒಪ್ಪಿದರೆ ಅವಳ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಿ. ‘ಮಾಯವಾದ’ ಎಂಬ ಮಾತು ಬಂದಲ್ಲಿ ಪೆನ್ನು ನಿಲ್ಲಿಸಿ. ‘ಯಾರು ಮಾಯ ಮಾಡಿದರು ಅಜ್ಜೀ?’ ಅಂತ ಕೇಳಿ. ಅವಳು ಹೇಳುತ್ತಾಳೆ. ಅವಳಿಗೆ ಗೊತ್ತುಂಟು.